ಹಂಡೆಯ ಪಕ್ಕದ ಹಸಿರು ನೆಲ

ಜಯನಗರದ ಆ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಹೂವಿನಮ್ಮ ಕೂಗಿ ಹೋದ ಮೇಲೆ ಸ್ವಲ್ಪ ಹೊತ್ತು ಎಲ್ಲ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲೇ ಚಿಕ್ಕಮ್ಮನ ಮನೆಯ ಹಿಂದಿನಿಂದ ಒಂದು ಸದ್ದು ಕೇಳುತ್ತದೆ. ಟಕ್, ಟಕ್, ಆಮೇಲೆ ಬಿಡುವು, ಮತ್ತೊಂದು ಟಕ್. ಗೋಡೆ ಕೆಡವುವ ಸುತ್ತಿಗೆಗೆ ಇಷ್ಟು ತಾಳ್ಮೆ ಇರುವುದಿಲ್ಲ. ಯಾರೋ ಏನನ್ನೋ ಮುರಿಯದ ಹಾಗೆ ಬಿಡಿಸುತ್ತಿದ್ದಾರೆ.

ಬನ್ನಿ, ಚಪ್ಪಲಿ ಜಗಲಿಯಲ್ಲೇ ಇರಲಿ. ನಡುಮನೆ ದಾಟಿ, ಅಡುಗೆಮನೆಯ ಇಂಗಿನ ಒಗ್ಗರಣೆಯನ್ನೂ ದಾಟಿ, ಹಿತ್ತಿಲ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಬಚ್ಚಲುಮನೆ. ಬಾಗಿಲು ದೂಡಿದ ಕೂಡಲೇ ಹಸಿ ಸಿಮೆಂಟಿನ ವಾಸನೆ, ತುಕ್ಕಿನ ವಾಸನೆ, ಅವೆರಡರ ಅಡಿಯಲ್ಲಿ ಎಷ್ಟು ತೊಳೆದರೂ ಬಿಡದ ಸೀಗೆಪುಡಿ ಮತ್ತು ಸೌದೆ ಹೊಗೆಯ ಘಾಟು. ಮೇಲೆ, ಕೈಗೆಟುಕದ ಎತ್ತರದಲ್ಲಿ ಹಗ್ಗ ಎಳೆದರೆ ತಿರುಗಿ ತೆರೆದುಕೊಳ್ಳುವ ವೆಂಟಿಲೇಟರು. ಅದರ ಗೀರುಗೀರಿನ ಗಾಜಿನಿಂದ ಸೋಸಿ ಇಳಿದ ಬಿಸಿಲು ಬಂದು ಕೂರುವುದು ಮೊಸಾಯಿಕ್ ನೆಲದ ಮೇಲೆ. ನೆನೆಸಿದ ಹೆಸರುಕಾಳಿನ ಸಿಪ್ಪೆಯ ಬಣ್ಣ ಅದಕ್ಕೆ. ಒಳಗೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಕಲ್ಲಿನ ಚೂರು, ಅಲ್ಲೊಂದು ಇಲ್ಲೊಂದು ಕಪ್ಪು ಚೂರು, ಸುತ್ತ ನಾಲ್ಕು ಬೆರಳಗಲದ ಕಪ್ಪು ಪಟ್ಟಿ. ಆ ಪಟ್ಟಿಯನ್ನು ಚಿಕ್ಕಮ್ಮ ಸೀರೆಗೆ ಹೇಳುವ ಹಾಗೆ ‘ಬಾರ್ಡರು’ ಅನ್ನುತ್ತಾರೆ. ಸೊಂಟದೆತ್ತರದವರೆಗೆ ಆರಿಂಚಿನ ಬಿಳಿ ಟೈಲು, ಅದರ ಹೊಳಪಿನೊಳಗೆ ಕೂದಲೆಳೆಯಂಥ ಬಿರುಕುಗಳ ಜಾಲ. ಮೂಲೆಯಲ್ಲಿ ಕಾವಿ ಬಳಿದ ಒಲೆಕಟ್ಟೆ, ಅದರ ಮೇಲೆ ತಾಮ್ರದ ಹಂಡೆ.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅಶೋಕ ಸ್ತಂಭವಿದೆ. 1948ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಬಂದು ಈ ಬಡಾವಣೆಗೆ ಅಡಿಗಲ್ಲು ಹಾಕಿದರು. ಚಿಕ್ಕಪ್ಪನ ತಂದೆ ಮನೆ ಕಟ್ಟಿಸಿದ್ದು ಅದಾಗಿ ಎಂಟು ವರ್ಷಕ್ಕೆ. ಮುಂಗೋಡೆಯ ನೆತ್ತಿಯ ಮೇಲೆ 1956 ಎಂಬ ಅಂಕಿ ಸಿಮೆಂಟಿನಲ್ಲಿ ಉಬ್ಬಿ ನಿಂತಿದೆ. ಮನೆಯ ಉಳಿದ ಕೋಣೆಗಳು ಒಂದೊಂದಾಗಿ ಬದಲಾದವು. ನಡುಮನೆಗೆ ನುಣುಪು ಟೈಲು ಬಂತು, ಅಡುಗೆಮನೆಗೆ ಗ್ರಾನೈಟು ಬಂತು. ಬಚ್ಚಲುಮನೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಮುಟ್ಟಲೇಬೇಕಾಗಿ ಬಂದದ್ದು ದೇವರ ಮನೆಯ ಗೋಡೆ ಬೆವರತೊಡಗಿದಾಗ. ಬಚ್ಚಲಿಗೂ ದೇವರ ಮನೆಗೂ ಒಂದೇ ಗೋಡೆ. ಈ ಕಡೆ ಸುಣ್ಣ ಉದುರುತ್ತಿತ್ತು. ಆ ಕಡೆ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗಾಗಿತ್ತು. ಮೊದಲು ಬಂದ ಗುತ್ತಿಗೆದಾರರು ಟಾರ್ಚು ಬಿಟ್ಟು ನೋಡಿ, ‘ಎಲ್ಲಾ ಒಡೆದುಬಿಡೋಣ, ಹತ್ತು ದಿನದ ಕೆಲಸ’ ಅಂದರು. ಗೋಡೆಗೆ ಬೂದು ಟೈಲು, ನೆಲಕ್ಕೆ ಬೂದು ಟೈಲು, ಹಂಡೆ ಹಳೇ ತಾಮ್ರದವನಿಗೆ. ಚಿಕ್ಕಮ್ಮ ಅವರೆದುರು ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಹೊಸ್ತಿಲಲ್ಲಿ ಕೂತು ನನಗೆ ಹೇಳಿದರು: ‘ಈ ನೆಲದ ಮೇಲೆ ಕಾಲು ಚಾಚಿ ಕೂತು ಮೂರು ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೀನಿ ಕಣೋ. ಈ ನೆಲ ಏನು ತಪ್ಪು ಮಾಡಿದೆ ಅಂತ ಒಡೀಬೇಕು?’

ಉತ್ತರ ಕೊಟ್ಟದ್ದು ಆಮೇಲೆ ಬಂದ ಮೇಸ್ತ್ರಿ. ವಯಸ್ಸು ಅರವತ್ತರ ಮೇಲೆ, ಕೈಬೆರಳಿನ ಸಂದುಗಳಲ್ಲಿ ಸಿಮೆಂಟು ಮಚ್ಚೆಯ ಹಾಗೆ ಕೂತುಬಿಟ್ಟಿದೆ. ಅವರು ಟಾರ್ಚು ತರಲಿಲ್ಲ. ಜೇಬಿನಿಂದ ಒಂದು ನಾಣ್ಯ ತೆಗೆದು, ಕುಕ್ಕರುಗಾಲಲ್ಲಿ ಕೂತು, ಅಂಗೈ ಅಂಗೈ ದೂರಕ್ಕೊಮ್ಮೆ ನೆಲವನ್ನು ಕುಟ್ಟುತ್ತಾ ಹೋದರು. ಗಟ್ಟಿ ಜಾಗದಲ್ಲಿ ಕಣ್ ಅನ್ನುವ ಸದ್ದು, ಅಡಿ ಬಿಟ್ಟ ಜಾಗದಲ್ಲಿ ಡಬ್ ಅನ್ನುವ ಸದ್ದು. ಇಡೀ ನೆಲದಲ್ಲಿ ಡಬ್ ಅಂದದ್ದು ಗೋಡೆಯಂಚಿನ ಒಂದಡಿ ಅಗಲದ ಪಟ್ಟಿ ಮಾತ್ರ, ನಲ್ಲಿಯ ಕೆಳಗಿನಿಂದ ನೀರು ಹೋಗುವ ಜಾಲರಿಯವರೆಗೆ. ‘ನೆಲಕ್ಕೇನೂ ಆಗಿಲ್ಲಮ್ಮ. ಕಾಯಿಲೆ ಇರೋದು ಗೋಡೆ ಒಳಗೆ’ ಅಂದರು.

ಗೋಡೆ ಬಗೆದಾಗ ಕಾಯಿಲೆ ಕೈಗೆ ಸಿಕ್ಕಿತು. ಅರ್ಧ ಇಂಚಿನ ಜಿ.ಐ. ಪೈಪಿನ ಒಂದು ತುಂಡನ್ನು ಕತ್ತರಿಸಿ ತಂದು ಚಿಕ್ಕಮ್ಮನ ಅಂಗೈಗಿಟ್ಟರು. ಸತುವಿನ ಲೇಪ ಸವೆದುಹೋಗಿ, ತುಕ್ಕು ಪದರಪದರವಾಗಿ ಬೆಳೆದು, ನಡುವೆ ನೀರಿಗೆ ಉಳಿದದ್ದು ಪೆನ್ಸಿಲು ತೂರುವಷ್ಟೇ ತೂತು. ಆ ತುಂಡನ್ನು ನಾನೂ ತುಂಬ ಹೊತ್ತು ತಿರುಗಿಸಿ ನೋಡಿದೆ. ಈ ಮನೆ ಎದ್ದಾಗ ಊರಿಗೆ ನೀರು ಬರುತ್ತಿದ್ದದ್ದು ಅರ್ಕಾವತಿಯಿಂದ, ಹೆಸರಘಟ್ಟ ಮತ್ತು 1933ರ ತಿಪ್ಪಗೊಂಡನಹಳ್ಳಿ ಜಲಾಶಯಗಳಿಂದ. 1974ರಲ್ಲಿ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಗುಡ್ಡ ಹತ್ತಿ ಬಂದಳು. ಎರಡೂ ನದಿಯ ಕಾಲವನ್ನು ಕಂಡ ಪೈಪು, ಬೋರ್‌ವೆಲ್ಲಿನ ಗಡಸು ನೀರನ್ನೂ ಸಹಿಸಿದ ಪೈಪು. ಅದಕ್ಕೆ ವಿಶ್ರಾಂತಿ ಕೊಟ್ಟದ್ದು ಸರಿಯೇ. ಈಗ ಅದರ ಜಾಗದಲ್ಲಿ ತುಕ್ಕು ಹಿಡಿಯದ ಸಿಪಿವಿಸಿ ಪೈಪು ಬಂದು ಕೂತಿದೆ. ಗಾರೆ ಮುಚ್ಚಿದ ಮೇಲೆ ಕಣ್ಣಿಗೆ ಬೀಳುವುದು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಹೊಸ ವಾಷರು ಹಾಕಿದ ಅದೇ ಹಿತ್ತಾಳೆ ನಲ್ಲಿ.

ಬೆಳಿಗ್ಗೆ ಕೇಳಿದ ಟಕ್ ಟಕ್ ಟೈಲಿನದು. ಪೈಪಿನ ಸಲುವಾಗಿ ಗೋಡೆ ಬಗೆದಾಗ ಕಣ್ಣೆದುರಿನ ಒಂಬತ್ತು ಟೈಲು ಹೋಗಿದ್ದವು. ಆ ದಪ್ಪ, ಆ ಕೆನೆಬಿಳುಪು ಈಗಿನ ಅಂಗಡಿಗಳಲ್ಲಿ ಎಲ್ಲಿ ಸಿಗಬೇಕು? ಮೇಸ್ತ್ರಿ ಬಾಗಿಲು ಮುಚ್ಚಿ ಅದರ ಹಿಂದೆ ಬೆರಳು ತೋರಿಸಿದರು. ಬಾಗಿಲು ತೆರೆದಾಗ ಮರೆಯಾಗುವ ಆ ಗೋಡೆಯಲ್ಲೂ ಅವೇ ಟೈಲು. ಗರಗಸದ ಬ್ಲೇಡಿನಿಂದ ಸಂದಿನ ಸಿಮೆಂಟು ಕೆರೆದು, ಚಪ್ಪಟೆ ಉಳಿಯನ್ನು ಅಂಚಿಗೆ ಕೊಟ್ಟು, ಒಂದು ಪೆಟ್ಟು, ಉಸಿರು ಹಿಡಿದು ಇನ್ನೊಂದು. ಹದಿನಾಲ್ಕರಲ್ಲಿ ಒಂಬತ್ತು ಇಡಿಯಾಗಿ ಬಂದವು, ಬೇಕಿದ್ದದ್ದೂ ಒಂಬತ್ತೇ. ಬಾಗಿಲ ಹಿಂದಕ್ಕೆ ಹೊಸ ಟೈಲು ಹೋಯಿತು.

ನೆಲದ ಪಟ್ಟಿಯದು ಬೇರೆಯೇ ಕತೆ. ಅಗೆದು, ನೀರು ಹೀರದ ಲೇಪ ಕೊಟ್ಟು, ಅಡಿಗೆ ಕಾಲಿಂಚಿನ ವಾಟ ನೋಡಿಕೊಂಡು ಕಾಂಕ್ರೀಟು ತುಂಬಿದ್ದಾಯಿತು. ಮೇಲಿನ ಅರ್ಧ ಇಂಚು ಮೊಸಾಯಿಕ್ ಆಗಬೇಕು, ಅದೂ ಅದೇ ಹಸಿರು ಆಗಬೇಕು. ಮೇಸ್ತ್ರಿ ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ಮಾದರಿ ಕಲಸಿದರು. ಬಿಳಿ ಸಿಮೆಂಟಿಗೆ ಹಸಿರು ಪುಡಿ, ಒಂದಕ್ಕೆ ಎರಡರಂತೆ ಕಲ್ಲಿನ ಚೂರು. ಗಟ್ಟಿಯಾದ ಮೇಲೆ ಉಜ್ಜಿ ನೋಡಿದರೆ ಮೊದಲನೆಯದು ಗಿಳಿಯ ಬಣ್ಣ. ಎರಡನೆಯದು ಪಾಚಿ. ಮೂರನೆಯದು ಹತ್ತಿರ ಬಂತು, ಆದರೆ ಪಕ್ಕದಲ್ಲಿಟ್ಟರೆ ಹೊಸ ಬಟ್ಟೆಯ ತೇಪೆಯಂತೆ ಎದ್ದು ಕಾಣುತ್ತಿತ್ತು. ಚಿಕ್ಕಮ್ಮ ಒಂದು ಚೊಂಬು ನೀರು ತಂದು ನೆಲಕ್ಕೂ ಮಾದರಿಗಳಿಗೂ ಸುರಿದರು. ‘ಈ ನೆಲದ ಬಣ್ಣ ಒದ್ದೆಯಾದಾಗಲೇ ಬರೋದು. ಒಣಗಿದಾಗ ನೋಡಿ ಏನು ಪ್ರಯೋಜನ?’

ನೀರು ಬಿದ್ದ ಜಾಗದಲ್ಲಿ ಮಸುಕು ಸರಿದು, ಹಸಿರಿನ ಆಳದಲ್ಲಿ ಒಂದು ಬೂದಿಬಣ್ಣ ತೇಲಿತು. ಮೇಸ್ತ್ರಿ ಬಗ್ಗಿ ನೋಡಿದರು, ಇನ್ನೊಂದಿಷ್ಟು ನೀರು ಹಾಕಿಸಿಕೊಂಡು ಮತ್ತೆ ನೋಡಿದರು. ‘ಕರಿ ಸಿಮೆಂಟು ಬೆರೆಸಿದಾರಮ್ಮ. ಆಗ ಬಿಳಿ ಸಿಮೆಂಟು ದುಬಾರಿ. ಅರ್ಧ ಇದು, ಅರ್ಧ ಅದು.’ ನಾಲ್ಕನೆಯ ಚಿಪ್ಪಿನಲ್ಲಿ ಹಾಗೇ ಕಲಸಿದರು. ಐದನೆಯದು ಬೇಕಾಗಲಿಲ್ಲ.

ಹಾಕಿದ ಎರಡು ದಿನಕ್ಕೆ ಉಜ್ಜುವ ಕೆಲಸ. ಮೂಲೆಗೆ ಯಂತ್ರ ಹೋಗದು, ಕೈಯಲ್ಲೇ ಆಗಬೇಕು. ಮೊದಲು ಒರಟು ಕಾರ್ಬೊರಂಡಂ ಕಲ್ಲು, ಆಮೇಲೆ ನಯದ್ದು, ಅದರ ಮೇಲೆ ಇನ್ನೂ ನಯದ್ದು. ಕಲ್ಲಿನ ಕೆಳಗಿನಿಂದ ಹಸಿರು ಹಾಲಿನಂಥ ರಾಡಿ ಹೊರಟು ಜಾಲರಿಯ ಕಡೆ ಹರಿಯುತ್ತದೆ, ಹರಿದಂತೆ ಒಂದೊಂದೇ ಬಿಳಿ ಚೂರು ಕಣ್ಣು ಬಿಡುತ್ತದೆ. ಸೂಜಿತೂತುಗಳಿಗೆ ಅದೇ ಬಣ್ಣದ ಸಿಮೆಂಟು ತಿಕ್ಕಿ, ಆರಿಸಿ, ಮತ್ತೆ ಉಜ್ಜಿ, ಕೊನೆಗೆ ಆಕ್ಸಾಲಿಕ್ ಪುಡಿಯ ಪಾಲಿಶು. ಆ ಜಾಗ ಯಾವುದೆಂದು ಗೊತ್ತಿರುವ ನನಗೇ ಈಗ ಹುಡುಕಿ ತೋರಿಸಬೇಕು.

ಕೆಲವು ವಿಷಯಗಳಲ್ಲಿ ಹಳೆಯದರ ಮೋಹ ಬೇಡವೆಂದು ನಾನೇ ಹಟ ಹಿಡಿದೆ. ಹಳೆಯ ವೈರು, ಕಪ್ಪು ಗುಂಡು ಸ್ವಿಚ್ಚು ಎರಡೂ ಹೋದವು; ಸ್ವಿಚ್ಚು ಬಾಗಿಲ ಹೊರಗೆ ಬಂತು, ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ. ಪಕ್ಕದ ಕಕ್ಕಸಿನಲ್ಲಿ ಸರಪಳಿ ಎಳೆಯುವ ಬೀಡುಕಬ್ಬಿಣದ ಟ್ಯಾಂಕು ಇಳಿದು, ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯ ಕಮೋಡು ಬಂತು. ಚಿಕ್ಕಮ್ಮನ ಮೊಣಕಾಲಿಗೆ ಅದು ಬೇಕೇ ಬೇಕಿತ್ತು. ಗೋಡೆಗೊಂದು ಹಿಡಿಕೆ ಹಾಕುವಾಗ ಅವರು ಮುಖ ಗಂಟಿಕ್ಕಿದರು. ಒಂದು ವಾರದಲ್ಲಿ ಅದರ ಮೇಲೆ ಅವರ ಟವಲು ನೇತಾಡುತ್ತಿತ್ತು, ಟವಲಿನ ಮೇಲೆ ಅವರ ಕೈ.

ಹಂಡೆ ಅಲ್ಲೇ ಇದೆ. ದಿನದ ಬಿಸಿನೀರು ತಾರಸಿಯ ಸೋಲಾರಿನಿಂದ ಬರುತ್ತದೆ, ಆದರೆ ಒಲೆಯ ಬಾಯಿ ಮುಚ್ಚಲಿಲ್ಲ, ಹೊಗೆಗೂಡನ್ನು ಗುಡಿಸಿ ಸರಿಮಾಡಿಸಿದರು. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ಬೆಳಗಿನ ಜಾವ ಆ ನೀರಿನಲ್ಲೇ ಎಣ್ಣೆಸ್ನಾನ. ‘ಸೋಲಾರಿಗೆ ಹಾಗಲಬಳ್ಳಿ ಕಟ್ಟೋಕಾಗತ್ತಾ?’ ಎಂದು ಚಿಕ್ಕಮ್ಮ ಕೇಳಿದ್ದರು. ಮೇಸ್ತ್ರಿ ಒಪ್ಪಿಕೊಂಡು ಒಲೆಕಟ್ಟೆಗೆ ಇನ್ನೊಂದು ಕೈ ಕಾವಿ ಬಳಿದರು.

ಹತ್ತು ದಿನಕ್ಕೆ ಮುಗಿಯಬೇಕಾಗಿದ್ದ ಕೆಲಸ ಇಪ್ಪತ್ತಾರು ದಿನ ಹಿಡಿಯಿತು. ದೇವರ ಮನೆಯ ಗೋಡೆ ಒಣಗಿದೆ.

ನಿಮ್ಮ ಮನೆಯಲ್ಲೂ ಇಂಥದೊಂದು ನೆಲ ಇದ್ದರೆ, ಒಡೆಯುವುದಕ್ಕೆ ಹೂಂ ಅನ್ನುವ ಮೊದಲು ಅದರ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ.