ಆಪರೇಷನ್‌ಗೆ ಮುನ್ನ ಒಂದು ಮೀಟಿಂಗ್

ಕ್ಯಾನ್ಸರ್ ವಾಸಿಯಾಗುವುದು ಒಬ್ಬ ದೊಡ್ಡ ಡಾಕ್ಟರ ಕೈಗುಣದಿಂದ ಎಂದೇ ನಮ್ಮಲ್ಲಿ ಹಲವರ ನಂಬಿಕೆ. ಆದರೆ ಒಳ್ಳೆಯ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಚಿಕಿತ್ಸೆಯನ್ನು ಒಬ್ಬರೇ ತೀರ್ಮಾನಿಸುವುದಿಲ್ಲ. ಸರ್ಜನ್, ರೇಡಿಯೇಷನ್ ಮತ್ತು ಕಿಮೊಥೆರಪಿ ತಜ್ಞರು, ಸ್ಕ್ಯಾನ್ ಓದುವವರು, ಬಯಾಪ್ಸಿ ನೋಡುವವರು, ನರ್ಸ್ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಬ್ಬೊಬ್ಬ ರೋಗಿಯ ಫೈಲ್ ತೆರೆಯುತ್ತಾರೆ. ಇದೇ ಟ್ಯೂಮರ್ ಬೋರ್ಡ್. ಎಂಎಸ್‌ಡಬ್ಲ್ಯು ಕ್ಷೇತ್ರಕಾರ್ಯದ ವೇಳೆ ಅಂಥ ಸಭೆಗಳ ಹಿಂದಿನ ಸಾಲಿನಲ್ಲಿ ಕೂರುವ ಅವಕಾಶ ನನಗೆ ಸಿಕ್ಕಿತ್ತು.

ಇಷ್ಟೊಂದು ಜನ ಯಾಕೆ? ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರನ್ನೇ ನೋಡಿ. ಗಡ್ಡೆ ದೊಡ್ಡದಿದ್ದರೆ ಆಪರೇಷನ್ ನಂತರ ರೇಡಿಯೇಷನ್ ಬೇಕು, ಅದೂ ಸುಮಾರು 6 ವಾರಗಳೊಳಗೆ ಶುರುವಾಗಬೇಕು. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯವಿದೆ. ಹಾಗಾಗಿ ಹುಳುಕು ಹಲ್ಲುಗಳನ್ನು ಎರಡು–ಮೂರು ವಾರ ಮೊದಲೇ ತೆಗೆದಿರಬೇಕು. ಅಂದರೆ ಸರ್ಜನ್ ಕತ್ತರಿ ಹಿಡಿಯುವ ಮೊದಲೇ ದಂತವೈದ್ಯರು ಬಾಯಿ ನೋಡಿರಬೇಕು! ಮುಂದುವರಿದ ಗುದನಾಳದ ಕ್ಯಾನ್ಸರ್‌ನಲ್ಲಿ ಕ್ರಮವೇ ಉಲ್ಟಾ: ಸಾಮಾನ್ಯವಾಗಿ ರೇಡಿಯೇಷನ್, ಕಿಮೊ ಮೊದಲು, ಆಪರೇಷನ್ ಆಮೇಲೆ. ಮೊದಲೇ ಕತ್ತರಿಸಿಬಿಟ್ಟರೆ ಆ ಅವಕಾಶ ಮತ್ತೆ ಬರುವುದಿಲ್ಲ.

ನಾನು ಕೂತಿದ್ದ ಒಂದು ಸಭೆಯಲ್ಲಿ ಒಬ್ಬ ರೈತನ ಕೇಸ್ ಬಂತು. ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್ ಎಂದು ತೀರ್ಮಾನವಾಗುತ್ತಿತ್ತು. ಆಗ ಸಮಾಜ ಕಾರ್ಯಕರ್ತೆ ಮೇಡಂ ಎದ್ದು, ‘ಸರ್, ಅವರಿಗೆ ಇಲ್ಲಿ ಉಳಿಯೋಕೆ ಜಾಗ ಇಲ್ಲ. ದಿನಾ ಬಸ್ಸಲ್ಲಿ ಬಂದು ಹೋಗ್ತೀನಿ ಅಂತಿದ್ದಾರೆ. ಎರಡನೇ ವಾರಕ್ಕೇ ನಿಲ್ಲಿಸಿಬಿಡ್ತಾರೆ’ ಎಂದರು. ರೇಡಿಯೇಷನ್ ನಡುವೆ ನಿಂತರೆ ಅದರ ಫಲ ಕುಗ್ಗುತ್ತದೆ. ಧರ್ಮಶಾಲೆಯಲ್ಲಿ ಒಂದು ಹಾಸಿಗೆ ಖಚಿತವಾದ ಮೇಲಷ್ಟೇ ದಿನಾಂಕ ಬರೆದರು. ಅದು ಯಾವ ಸ್ಕ್ಯಾನ್‌ನಲ್ಲೂ ಕಾಣುವ ಮಾಹಿತಿಯಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ಭಾಗದಲ್ಲಿ ಸ್ತನ ಕ್ಯಾನ್ಸರ್‌ಗೆ ಈ ಪದ್ಧತಿ ಬಂದದ್ದು 1995ರಲ್ಲಿ. 13,722 ಮಹಿಳೆಯರ ದಾಖಲೆ ಹೋಲಿಸಿದ ಅಧ್ಯಯನವೊಂದು 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಕ್ಕಪಕ್ಕದ ಪ್ರದೇಶಗಳಿಗಿಂತ ಮೊದಲು ಶೇ 11ರಷ್ಟು ಹೆಚ್ಚಿದ್ದ ಸಾವು, ಆಮೇಲೆ ಶೇ 18ರಷ್ಟು ಕಡಿಮೆಯಾಗಿತ್ತು. ಸಭೆಯೊಂದೇ ಇದಕ್ಕೆ ಕಾರಣ ಎನ್ನಲಾಗದು. ಪರಿಣತ ಸರ್ಜನ್‌ಗಳು, ಲಿಖಿತ ಮಾರ್ಗಸೂಚಿಗಳೂ ಜೊತೆಗೇ ಬಂದಿದ್ದವು. ನಮ್ಮಲ್ಲಿ 2012ರಲ್ಲಿ ಆರಂಭವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಆನ್‌ಲೈನ್‌ನಲ್ಲೂ ಟ್ಯೂಮರ್ ಬೋರ್ಡ್ ನಡೆಸುತ್ತದೆ. ಊರೂರಿನ ಡಾಕ್ಟರರು ಕಷ್ಟದ ಕೇಸುಗಳನ್ನು ಅಲ್ಲಿಗೆ ಒಯ್ಯಬಹುದು.

ಎಲ್ಲ ಸಭೆಗಳೂ ಆದರ್ಶವಲ್ಲ. ಹಿರಿಯರು ಮಾತಾಡಿದ ಮೇಲೆ ಕಿರಿಯರು ಬಾಯಿ ಬಿಡದಿದ್ದರೆ ಅಷ್ಟು ಕುರ್ಚಿ ಹಾಕಿದ್ದೇ ದಂಡ.

ಆ ಕುರ್ಚಿಗಳು ಎಂಬಿಬಿಎಸ್ ಓದಿದವರಿಗಷ್ಟೇ ಮೀಸಲಲ್ಲ ಎಂಬುದು ನೀಟ್‌ನಲ್ಲಿ ಸೀಟು ಸಿಗದೆ ಕೊರಗುವ ಗೆಳೆಯರಿಗೆ ಗೊತ್ತಿರಲಿ. ಭೌತವಿಜ್ಞಾನದಲ್ಲಿ ಎಂಎಸ್ಸಿ ಮಾಡಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಪಡೆದವರು ರೇಡಿಯೇಷನ್ ಪ್ರಮಾಣ ಲೆಕ್ಕ ಹಾಕುತ್ತಾರೆ. ನಾಲಿಗೆಯ ಭಾಗ ಕಳೆದುಕೊಂಡವರಿಗೆ ನುಂಗುವುದು, ಮಾತಾಡುವುದನ್ನು ಮತ್ತೆ ಕಲಿಸುವವರು ಸ್ಪೀಚ್ ಥೆರಪಿಸ್ಟ್‌ಗಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ಓದು ಇದೆ.

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಫೈಲ್ ಹಿಡಿದು ಓಡಾಡುವವರು ಸಾಮಾನ್ಯವಾಗಿ ನಾವೇ, ಓದಿದ ಮಕ್ಕಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ‘ಸರ್, ಇದು ಬೋರ್ಡ್‌ನಲ್ಲಿ ಚರ್ಚೆ ಆಗಿದೆಯಾ?’ ಎಂದು ಕೇಳಬಹುದು. ಕೇಳಿದ್ದಕ್ಕೆ ಯಾರೂ ಬೇಸರಿಸಿಕೊಂಡಿದ್ದನ್ನು ನಾನಂತೂ ನೋಡಿಲ್ಲ.