ತಿಗಣೆ ಅನುಮಾನವೇ? ಮೊದಲು ಮಂಚದ ಸಂದಿ ನೋಡಿ

ಬೆಳಿಗ್ಗೆ ಎದ್ದಾಗ ತೋಳಿನ ಮೇಲೆ ಸಾಲಾಗಿ ಮೂರು ನಾಲ್ಕು ಕೆಂಪು ದದ್ದು. ಸೊಳ್ಳೆ ಇರಬೇಕು ಎಂದು ಸುಮ್ಮನಾಗುತ್ತೀರಿ. ವಾರ ಕಳೆಯುವುದರೊಳಗೆ ಕುತ್ತಿಗೆಯ ಮೇಲೂ ಎದ್ದಿರುತ್ತವೆ. ಪರದೆ ಕಟ್ಟಿದರೂ, ಕಾಯಿಲ್ ಹಚ್ಚಿದರೂ ನಿಲ್ಲುವುದಿಲ್ಲ. ಇಲ್ಲಿಗೆ ಬಂದರೆ ತಿಗಣೆಯನ್ನು ಹುಡುಕಲು ಶುರು ಮಾಡಿ.

ಮೊದಲು ಒಂದು ಮಾತು. ತಿಗಣೆ ಬಂತೆಂದರೆ ಮನೆ ಗಲೀಜು ಎಂದು ನಾಚುವವರು ಬಹಳ. ನಮ್ಮ ಮನೆಗೆ ಬಂದಾಗ ನಾವೂ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಆ ಎರಡು ತಿಂಗಳಲ್ಲಿ ಒಂದು ಕೋಣೆಯ ತಿಗಣೆ ಮೂರು ಕೋಣೆಗೆ ಹರಡಿತು. ತಿಗಣೆಗೆ ಬೇಕಾದದ್ದು ಎರಡೇ: ಮನುಷ್ಯನ ರಕ್ತ ಮತ್ತು ಅಡಗಲು ಒಂದು ಸಂದಿ. ದಿನಕ್ಕೆರಡು ಸಲ ಒರೆಸುವ ಮನೆಯಲ್ಲೂ ಇವೆರಡೂ ಇರುತ್ತವೆ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಪಿ.ಜಿ.ಯಿಂದ ಬಂದ ಬ್ಯಾಗು, ಲಾಡ್ಜಿನಿಂದ ತಂದ ಸೂಟ್‌ಕೇಸು, ಸೆಕೆಂಡ್ ಹ್ಯಾಂಡ್ ಸೋಫಾ, ಮಂಚ, ಇವುಗಳಲ್ಲಿ ಕೂತು ಬರುತ್ತದೆ.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ. ಸೇಬಿನ ಬೀಜದಷ್ಟು ಗಾತ್ರ, ಅದೇ ಕಂದು ಬಣ್ಣ, ಚಪ್ಪಟೆ ಮೈ. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಗಾಗುತ್ತದೆ. ಮರಿಗಳು ತೆಳು ಹಳದಿ, ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೊಟ್ಟೆ ಬಿಳಿ, ಒಂದು ಮಿಲಿಮೀಟರ್, ಸಣ್ಣ ರವೆಯ ಕಾಳಿನ ಹಾಗೆ. ಹೆಣ್ಣು ದಿನಕ್ಕೆ ಕೆಲವೇ ಮೊಟ್ಟೆ ಇಟ್ಟರೂ ಜೀವಮಾನದಲ್ಲಿ ನೂರಾರು ಇಡುತ್ತದೆ. ನಮ್ಮ ಕಡೆಯ ಸೆಖೆಯಲ್ಲಿ ಅವು ವಾರ, ಹತ್ತು ದಿನದಲ್ಲಿ ಒಡೆಯುತ್ತವೆ. ಮರಿ ದೊಡ್ಡದಾಗುವ ಮೊದಲು ಐದು ಸಲ ಪೊರೆ ಬಿಡುತ್ತದೆ. ಪ್ರತಿ ಸಲ ಪೊರೆ ಬಿಡಲು ಒಂದು ಊಟ ರಕ್ತ ಬೇಕು. ಈ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಗಲೆಲ್ಲ ಅದು ಸಂದಿಯಲ್ಲಿ ಕೂತಿರುತ್ತದೆ. ರಾತ್ರಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸಿ ಹಿಡಿದು ಬರುತ್ತದೆ. ಐದು ಹತ್ತು ನಿಮಿಷ ಕುಡಿದು ವಾಪಸು ಸಂದಿಗೆ ಹೋಗುತ್ತದೆ. ಆದ್ದರಿಂದ ಹೊದಿಕೆ ಕೊಡವಿ ಏನೂ ಕಾಣಲಿಲ್ಲ ಎಂದು ಸಮಾಧಾನ ಪಡಬೇಡಿ. ಪಂಚತಂತ್ರದಲ್ಲಿ ಹೇನು ಮತ್ತು ತಿಗಣೆಯ ಕಥೆ ಕೇಳಿರಬಹುದು. ರಾಜನನ್ನು ಕಚ್ಚಿದ ತಿಗಣೆ ಮಂಚದ ಸಂದಿಗೆ ನುಸುಳಿ ಬದುಕುತ್ತದೆ. ಸೇವಕರು ಬಟ್ಟೆ ಹುಡುಕಿ, ಮಡಿಕೆಯಲ್ಲಿದ್ದ ಬಡಪಾಯಿ ಹೇನನ್ನು ಕೊಲ್ಲುತ್ತಾರೆ. ಆ ಕಥೆ ಕಟ್ಟಿದವರಿಗೆ ತಿಗಣೆಯ ಚಾಳಿ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಎಲ್ಲಿ ನೋಡಬೇಕು? ಒಂದು ಟಾರ್ಚು, ಒಂದು ಹಳೆಯ ಎ.ಟಿ.ಎಂ. ಕಾರ್ಡು ಸಾಕು. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ಸುತ್ತಲೂ ನೋಡಿ. ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್ಡನ್ನು ತಿರುಗಿಸಿ. ಮಂಚದ ಮೂಲೆ, ಸ್ಕ್ರೂ ಕೂತ ತೂತು, ತಲೆಯ ಕಡೆಯ ಹಲಗೆಯ ಹಿಂಭಾಗ, ಇಲ್ಲೆಲ್ಲ ಕಾರ್ಡಿನ ಅಂಚು ಹಾಕಿ ಗೀರಿ. ನವಾರಿನ ಮಂಚವಾದರೆ ಪಟ್ಟಿಗಳು ಒಂದರ ಮೇಲೊಂದು ಬರುವ ಕಡೆ ನೋಡಿ. ಸೊಳ್ಳೆ ಪರದೆಯ ನಾಲ್ಕು ಮೂಲೆಯ ಹೊಲಿಗೆಯನ್ನು ಬಹಳ ಜನ ಮರೆಯುತ್ತಾರೆ. ಕಾಟ ಜೋರಾಗಿದ್ದರೆ ಗೋಡೆಯ ಕ್ಯಾಲೆಂಡರ್, ಫೋಟೋ ಚೌಕಟ್ಟಿನ ಹಿಂದೆಯೂ ಸಿಗುತ್ತವೆ.

ಜೀವಂತ ತಿಗಣೆಯೇ ಕಾಣಬೇಕೆಂದಿಲ್ಲ. ಪೆನ್ನಿನ ಮೊನೆ ಒತ್ತಿದಂಥ ಕಪ್ಪು ಚುಕ್ಕೆಗಳು ಅದರ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದಾಗಿ ಹರಡುತ್ತದೆ. ಒಣಗಿದ ಪೊರೆಗಳು, ಬೆಡ್‌ಶೀಟಿನ ಮೇಲೆ ರಕ್ತದ ಸಣ್ಣ ಗೆರೆ ಕೂಡ ಗುರುತುಗಳೇ. ಹೆಚ್ಚು ತಿಗಣೆ ಇದ್ದ ಕಡೆ ಒಂದು ಘಾಟು ವಾಸನೆಯೂ ಇರುತ್ತದೆ. ಬರೀ ದದ್ದು ನೋಡಿ ತಿಗಣೆಯೆಂದು ನಿಶ್ಚಯಿಸಲು ವೈದ್ಯರಿಗೂ ಆಗುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ದದ್ದು ಬಂದು ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕೆಲವರಿಗೆ ಕಚ್ಚಿ ಹಲವು ದಿನವಾದ ಮೇಲೆ ತುರಿಕೆ ಶುರುವಾಗುತ್ತದೆ.

ರೋಗ ಹರಡುತ್ತದೆಯೇ ಎಂಬ ಭಯ ಎಲ್ಲರಿಗೂ ಇರುತ್ತದೆ. ತಿಗಣೆ ಕಚ್ಚಿ ಸೋಂಕು ರೋಗ ಹರಡಿದ್ದು ಈವರೆಗೆ ಸಿದ್ಧವಾಗಿಲ್ಲ. ತುರಿಕೆ, ನಿದ್ದೆಗೇಡು, ತುರಿಸಿ ಹುಣ್ಣಾಗುವುದು, ಇವು ನಿಜವಾದ ತೊಂದರೆಗಳು. ಊತ ಜಾಸ್ತಿಯಾದರೆ, ಹುಣ್ಣು ಕೀವಾದರೆ ವೈದ್ಯರಿಗೆ ತೋರಿಸಿ.

ಈಗ ಓಡಿಸುವ ವಿಚಾರ. ನಮ್ಮ ಅಜ್ಜಿಯರು ಮಂಚವನ್ನು ಅಂಗಳಕ್ಕೆ ತಂದು ಸಂದಿಗಳಿಗೆ ಕುದಿಯುವ ನೀರು ಸುರಿಯುತ್ತಿದ್ದರು. ಅದು ಸರಿಯಾದ ದಾರಿ. ತಿಗಣೆಗಾಗಲಿ ಅದರ ಮೊಟ್ಟೆಗಾಗಲಿ 50 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನು ಹೆಚ್ಚು ಹೊತ್ತು ತಾಳಲು ಆಗುವುದಿಲ್ಲ. ಔಷಧಿಗೆ ಬಗ್ಗದ ತಿಗಣೆಯೂ ಶಾಖಕ್ಕೆ ಸಾಯುತ್ತದೆ. ಆದ್ದರಿಂದ ಶಾಖದಿಂದಲೇ ಶುರು ಮಾಡಿ.

ಬೆಡ್‌ಶೀಟು, ದಿಂಬಿನ ಕವರು, ಹೊದಿಕೆ, ಪರದೆ ಎಲ್ಲವನ್ನೂ ಹಾಸಿಗೆಯ ಮೇಲೆಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಕೈಯಲ್ಲಿ ಹೊತ್ತು ಮನೆಯೆಲ್ಲ ತಿರುಗಿದರೆ ತಿಗಣೆ ಉದುರುತ್ತಾ ಹೋಗುತ್ತದೆ. ವಾಷಿಂಗ್ ಮಷಿನ್‌ನಲ್ಲಿ ನೀರು ಕಾಯಿಸುವ ಹೀಟರ್ ಇದ್ದರೆ 60 ಡಿಗ್ರಿಗೆ ಇಡಿ. ಇಲ್ಲದಿದ್ದರೆ, ಬಿಸಿ ತಾಳುವ ಬಟ್ಟೆಯನ್ನು ಹಂಡೆಯ ಕುದಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒಗೆಯಲಾಗದ ಬಟ್ಟೆಯ ಹೊಲಿಗೆಗಳ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಎಳೆಯಿರಿ. ಪುಸ್ತಕ, ಮಕ್ಕಳ ಬೊಂಬೆಯಂಥವನ್ನು ಚೀಲದಲ್ಲಿ ಬಿಗಿದು ಮನೆಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಬಹುದು. ಒಳಗೆ ಮೈನಸ್ 18 ಡಿಗ್ರಿ ಇರಬೇಕು.

ಕಬ್ಬಿಣದ ಮಂಚಕ್ಕೆ ಕುದಿನೀರು ಧಾರಾಳವಾಗಿ ಸುರಿಯಿರಿ, ಕೊಳವೆಯ ಬಾಯಿಗಳಿಗೂ ಸುರಿಯಿರಿ. ಪ್ಲೈವುಡ್ ನೀರಿಗೆ ಉಬ್ಬುತ್ತದೆ. ಅದಕ್ಕೆ ಸ್ಟೀಮರ್, ಅಂದರೆ ಹಬೆ ಹೊಡೆಯುವ ಯಂತ್ರ, ಒಳ್ಳೆಯದು. ಹಬೆಯನ್ನು ಆತುರದಿಂದ ಆಡಿಸಬೇಡಿ, ಒಂದೊಂದು ಸಂದಿಯ ಮುಂದೆಯೂ ಕೆಲವು ಕ್ಷಣ ನಿಲ್ಲಿಸಿ. ಬಿಸಿಲಿಗೆ ಹಾಕಿದರೆ ಸಾಲದೇ? ತೆಳ್ಳಗಿನ ಬಟ್ಟೆಗೆ ಸರಿ. ದಪ್ಪ ಹಾಸಿಗೆಯ ಮೇಲುಭಾಗ ಕಾಯುವಷ್ಟರಲ್ಲಿ ತಿಗಣೆ ಕೆಳಗಿನ ನೆರಳಿಗೆ ಸರಿದಿರುತ್ತದೆ. ಹಾಸಿಗೆಗೆ ಪೂರ್ತಿ ಮುಚ್ಚುವ ಜಿಪ್ ಕವರು ಹಾಕುವುದು ಮೇಲು. ಒಳಗೆ ಸಿಕ್ಕಿದ್ದು ಹಸಿದು ಸಾಯುತ್ತದೆ. ಆದರೆ ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವುದರಿಂದ ಕವರನ್ನು ಒಂದು ವರ್ಷ ತೆಗೆಯಬೇಡಿ.

ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ. ಹೊದಿಕೆ ನೆಲಕ್ಕೆ ತಾಗದಿರಲಿ. ಕಾಲುಗಳ ಕೆಳಗೆ ಬಟ್ಟಲಿಡುವ ಹಳೆಯ ಉಪಾಯವೂ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ ಇದೆ. ನಮ್ಮಂಥ ಸೆಖೆಯ ನಾಡುಗಳಲ್ಲಿ ಹೆಚ್ಚಾಗಿ ಇರುವ ಜಾತಿಯ ಹೆಸರು ಸೈಮೆಕ್ಸ್ ಹೆಮಿಪ್ಟೆರಸ್. ಚಳಿ ದೇಶದ ತಿಗಣೆಗಿಂತ ಇದು ನುಣುಪಾದ ಗೋಡೆಯನ್ನು ಚೆನ್ನಾಗಿ ಹತ್ತುತ್ತದೆ. ಒಣ ಪ್ಲಾಸ್ಟಿಕ್ ಬಟ್ಟಲಿನಿಂದ ಹೊರಗೆ ಬಂದುಬಿಡುತ್ತದೆ. ಆದ್ದರಿಂದ ಸೋಪಿನ ಪುಡಿ ಕಲಸಿದ ನೀರು ಹಾಕಿಡಿ. ಬೆಳಿಗ್ಗೆ ಎಷ್ಟು ಬಿದ್ದಿವೆ ಎಂದು ನೋಡಿದರೆ ಕಾಟ ಇಳಿಯುತ್ತಿದೆಯೇ ಎಂದೂ ತಿಳಿಯುತ್ತದೆ. ಬೇಸತ್ತು ಹಾಲ್‌ಗೆ ಹೋಗಿ ಮಲಗಬೇಡಿ. ಹಸಿದ ತಿಗಣೆ ಅಲ್ಲಿಗೂ ಬರುತ್ತದೆ.

ಮೊಟ್ಟೆಯ ಲೆಕ್ಕ ಬೇಕಾಗುವುದು ಈಗ. ಇವತ್ತು ಮಾಡಿದ ಕೆಲಸದಲ್ಲಿ ತಪ್ಪಿಸಿಕೊಂಡ ಮೊಟ್ಟೆ ಹತ್ತು ದಿನದೊಳಗೆ ಒಡೆದಿರುತ್ತದೆ. ಆ ಮರಿ ದೊಡ್ಡದಾಗಿ ಮೊಟ್ಟೆ ಇಡುವ ಮೊದಲೇ ಮತ್ತೆ ಇಷ್ಟೂ ಮಾಡಬೇಕು. ವಾರಕ್ಕೊಮ್ಮೆಯಂತೆ ಐದಾರು ವಾರ. ಒಂದೇ ಸಲ ಮಾಡಿ ಕೈಬಿಟ್ಟವರಿಗೇ ಅದು ಮತ್ತೆ ಮತ್ತೆ ಬರುವುದು.

ಇಷ್ಟಕ್ಕೂ ಬಗ್ಗದಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯಿರಿ. ಅವರಿಗೆ ಕೀಟನಾಶಕ ಕಾಯ್ದೆಯಡಿ ಪರವಾನಗಿ, ಅಂದರೆ ಲೈಸೆನ್ಸ್, ಇರಬೇಕು. ಕೇಳಿ ನೋಡಿ, ಸಂಕೋಚ ಬೇಡ. ಯಾವ ಔಷಧಿ, ಎಷ್ಟು ಹೊತ್ತು ಮನೆಯಿಂದ ಹೊರಗಿರಬೇಕು ಎಂದು ಬರೆಸಿಕೊಳ್ಳಿ. ಎರಡು ಕೋಣೆಯ ಮನೆಗೆ ನಗರಗಳಲ್ಲಿ ಸುಮಾರು ಒಂದೂವರೆ ಸಾವಿರದಿಂದ ನಾಲ್ಕು ಸಾವಿರ ರೂಪಾಯಿ ಕೇಳುತ್ತಾರೆ. ಹೆಚ್ಚಿನ ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹತ್ತು ಹದಿನೈದು ದಿನದ ಮೇಲಿನ ಎರಡನೇ ಭೇಟಿಯೂ ಆ ದರದಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿ. ಅಪಾರ್ಟ್‌ಮೆಂಟಾದರೆ ಪಕ್ಕದ, ಮೇಲಿನ, ಕೆಳಗಿನ ಮನೆಯವರಿಗೂ ತಿಳಿಸಿ. ಪೈಪು, ವೈರು ಹಾದುಹೋದ ತೂತಿನಲ್ಲಿ ಅದು ಆಚೆ ಮನೆಗೆ ಹೋಗಿ ಮತ್ತೆ ನಿಮ್ಮ ಮನೆಗೇ ಬರುತ್ತದೆ.

ಇನ್ನು ಮಾಡಲೇಬಾರದ ಕೆಲಸಗಳು. ದಯವಿಟ್ಟು ಇದನ್ನು ಎರಡು ಸಲ ಓದಿ. ಕಾಳು ಕೆಡದಂತೆ ಗೋದಾಮಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತಿಗಣೆಗೆಂದು ಮಂಚದ ಕೆಳಗೆ ಇಡುವವರಿದ್ದಾರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷದ ಅನಿಲ ಹೊರಡುತ್ತದೆ. ಬಾಗಿಲ ಸಂದಿಯಲ್ಲಿ ಪಕ್ಕದ ಕೋಣೆಗೂ ನುಗ್ಗುತ್ತದೆ. ಇದಕ್ಕೆ ಮದ್ದಿಲ್ಲ. ಸಾಮಾನ್ಯ ಜನರಿಗೆ ಮಾರುವಂತೆಯೂ ಇಲ್ಲ. ತಿಗಣೆಗೆ ಇಟ್ಟ ವಿಷದಿಂದ ಮನೆಯಲ್ಲಿ, ಪಿ.ಜಿ.ಯಲ್ಲಿ ಮಲಗಿದ್ದವರು ಸತ್ತ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹಿಂದೆ ಬಹಳ ಮನೆಗಳಲ್ಲಿ ಹೊಡೆಯುತ್ತಿದ್ದ ಡೈಕ್ಲೋರ್ವಾಸ್ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಯಾರಾದರೂ ಹಳೆಯ ಬಾಟಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೊಲಕ್ಕೆ ಹೊಡೆಯುವ ಯಾವ ಔಷಧಿಯೂ ಮಲಗುವ ಕೋಣೆಗೆ ಬರಬಾರದು. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಹಸಿರು. ಕೆಂಪು, ಹಳದಿ ಕಂಡರೆ ಮುಟ್ಟಲೇಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಸವರಿದರೆ ಬೆಂಕಿಯ ಅಪಾಯ. ನುಸಿಗುಳಿಗೆ, ಕರ್ಪೂರ, ಶಬ್ದದಿಂದ ಓಡಿಸುತ್ತದೆಂದು ಮಾರುವ ಯಂತ್ರ, ಇವಕ್ಕೆ ದುಡ್ಡು ಹಾಕಬೇಡಿ.

ಔಷಧಿ ಹೊಡೆದ ಮನೆಯಲ್ಲಿ ಯಾರಿಗಾದರೂ ವಾಂತಿ, ಉಸಿರುಕಟ್ಟು, ತಲೆಸುತ್ತು ಬಂದರೆ ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಔಷಧಿಯ ಹೆಸರನ್ನು ವೈದ್ಯರಿಗೆ ಹೇಳಿ. ಡಬ್ಬಿ ತರಲು ಮತ್ತೆ ಒಳಗೆ ಹೋಗಬೇಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಹಾಸಿಗೆ ಎಸೆಯಲೇಬೇಕೆಂದರೆ ರಸ್ತೆ ಬದಿಯಲ್ಲಿ ಹಾಗೇ ಇಡಬೇಡಿ. ಚಳಿಗೆ ನಡುಗುವ ಯಾರೋ ಹೊತ್ತುಕೊಂಡು ಹೋಗುತ್ತಾರೆ. ಕವರನ್ನು ಹರಿದು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ‘ತಿಗಣೆ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದು ಕಸದ ಗಾಡಿಯವರ ಕೈಗೇ ಕೊಡಿ.