ಒಂದೇ ಆಟ, ವಾಪಸ್ ಬಸ್ಸು: ಜಿಲ್ಲಾಮಟ್ಟದ ಕಬಡ್ಡಿಯ ಲೆಕ್ಕಾಚಾರ

ಆಗಸ್ಟ್ ಬಂತಂದ್ರೆ ನಮ್ಮ ಗದಗ ಜಿಲ್ಲೆಯ ಸಾಲಿ ಮೈದಾನಗಳಲ್ಲಿ ಸುಣ್ಣದ ಗೆರೆ ಬೀಳುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಕಡೆ ಪಿ.ಟಿ. ಮಾಸ್ತರರ ಕೈಯಲ್ಲಿ ಸೀಟಿ, ಹುಡುಗರ ಬಾಯಲ್ಲಿ ಒಂದೇ ಮಾತು: "ಈ ಸಲ ಜಿಲ್ಲೆಗೆ ಹೋಗಬೇಕಪಾ." ನಮ್ಮ ಸಂಘದಲ್ಲಿ ಇದನ್ನು ಆಡಿದವರೂ ಇದ್ದಾರೆ, ಬೇಲಿ ಹತ್ತಿ ನೋಡಿದವರೂ ಇದ್ದಾರೆ. ಆದರೆ ಈ ಪಂದ್ಯಾವಳಿ ಹೇಗೆ ನಡೆಯುತ್ತದೆ, ಯಾಕೆ ಎಷ್ಟೋ ತಂಡಗಳು ಒಂದೇ ಆಟ ಆಡಿ ಮನೆಗೆ ಹೋಗುತ್ತವೆ ಅಂತ ಕೂತು ಲೆಕ್ಕ ಹಾಕಿದವರು ಕಡಿಮೆ. ಎಂಜಿನಿಯರಿಂಗ್ ಓದೋರು ನಾವು, ಲೆಕ್ಕ ನಮ್ಮ ಕೆಲಸ. ಬನ್ನಿ, ಹಾಕೋಣ.

ಮೆಟ್ಟಿಲುಗಳು

ಶಾಲಾ ಕ್ರೀಡಾಕೂಟ ಒಂದು ಏಣಿ ಇದ್ದಂಗೆ. ಕೆಳಗೆ ಕ್ಲಸ್ಟರ್ ಅಥವಾ ವಲಯ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಕೊನೆಗೆ ರಾಷ್ಟ್ರಮಟ್ಟ. ನಮ್ಮ ಗದಗ ಬರೋದು ಬೆಳಗಾವಿ ವಿಭಾಗಕ್ಕೆ. ಉಳಿದ ಮೂರು ವಿಭಾಗ ಬೆಂಗಳೂರು, ಮೈಸೂರು, ಕಲಬುರಗಿ. ವಯಸ್ಸಿನ ಗುಂಪು ಮೂರು: 14ರ ಒಳಗೆ, 17ರ ಒಳಗೆ, ಪಿಯು ಹುಡುಗರಿಗೆ 19ರ ಒಳಗೆ. ರಾಜ್ಯಮಟ್ಟದಲ್ಲಿ ಚೆನ್ನಾಗಿ ಆಡಿದವರನ್ನು ಬೇರೆ ಬೇರೆ ತಂಡಗಳಿಂದ ಆರಿಸಿ ರಾಜ್ಯದ ತಂಡ ಕಟ್ಟುತ್ತಾರೆ.

ಶಾಲೆ ಬಿಟ್ಟವರಿಗೆ ಬೇರೆ ದಾರಿ ಇದೆ. ಅದು ದಸರಾ ಕ್ರೀಡಾಕೂಟ. ಅದೂ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಮೈಸೂರಿಗೆ ಮುಟ್ಟುತ್ತದೆ. ಗೌಂಡಿ ಕೆಲಸಕ್ಕೆ ಹೋಗೋ ಹುಡುಗನಿಗೂ, ಮಗ್ಗದ ಮುಂದೆ ಕೂರೋ ಬೆಟಗೇರಿಯ ಹುಡುಗನಿಗೂ ಜಿಲ್ಲೆಯ ಹೆಸರಿನ ಅಂಗಿ ಹಾಕೋ ಅವಕಾಶ ಅಲ್ಲಿ ಸಿಗಬಹುದು.

ಏಣಿಯ ಮೇಲೆ ಏನಿದೆ ಅಂತ ಕೇಳಿದರೆ ಉತ್ತರ ಸಣ್ಣದಲ್ಲ. ಕಾರ್ಕಳ ಕಡೆಯ ಹಳ್ಳಿ ಹೆರ್ಮುಂಡೆಯ ಮಮತಾ ಪೂಜಾರಿ ಭಾರತದ ಪರ ಆಡಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಷ್ಟು ದೂರ ಬೇಡ ಅಂದ್ರೂ, ನಾವೆಲ್ಲ ಸೀಟು ಹಿಡಿದ ಸಿಇಟಿಯಲ್ಲೇ ಕ್ರೀಡಾ ಕೋಟಾ ಇದೆ. ಅಲ್ಲಿ ಲೆಕ್ಕಕ್ಕೆ ಬರೋದು ಮೇಲಿನ ಹಂತಗಳ ಆಟ. ಹಾಗಾಗಿ ಜಿಲ್ಲೆಯಲ್ಲಿ ಒಂದು ಆಟ ಸೋತರೆ ಹೋಗೋದು ಕಪ್ಪು ಮಾತ್ರ ಅಲ್ಲ.

ಸೋತವರು ಮನೆಗೆ

ಈಗ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ತಾಲ್ಲೂಕು ಏಳು: ಗದಗ, ರೋಣ, ನರಗುಂದ, ಗಜೇಂದ್ರಗಡ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ. ಕ್ರೀಡಾಕೂಟಕ್ಕೆ ಶಿಕ್ಷಣ ಇಲಾಖೆಯ ವಲಯದ ಲೆಕ್ಕ ಸ್ವಲ್ಪ ಬೇರೆ ಇರಬಹುದು. ನಾವು ಸರಳವಾಗಿ ತಾಲ್ಲೂಕಿಗೊಂದು ತಂಡ ಅಂತ ಹಿಡಿಯೋಣ.

ನಾಕೌಟ್ ಪದ್ಧತಿಯಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ. ಏಳರಲ್ಲಿ ಒಂದೇ ಉಳಿಯಬೇಕು ಅಂದ್ರೆ ಆರು ಹೊರಗೆ ಹೋಗಬೇಕು, ಅಂದ್ರೆ ಆರೇ ಪಂದ್ಯ. ಚೀಟಿ ಎತ್ತಿದಾಗ ಒಂದು ತಂಡಕ್ಕೆ ಬೈ ಸಿಗುತ್ತದೆ. ಉಳಿದ ಆರು ತಂಡಗಳಲ್ಲಿ ಮೂರು, ಮೊದಲ ಆಟಕ್ಕೇ ಚೀಲ ಕಟ್ಟುತ್ತವೆ.

ಹುಡುಗಿಯರ ಮತ್ತು ಸಣ್ಣ ವಯಸ್ಸಿನ ಗುಂಪುಗಳ ಕಬಡ್ಡಿ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಒಟ್ಟು 35 ನಿಮಿಷ. ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿಲೋಮೀಟರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ ಹತ್ತಿದ ಹುಡುಗಿ 35 ನಿಮಿಷ ಅಂಗಣದ ಸುತ್ತ ಇದ್ದು, ಅದರಲ್ಲಿ ಎಷ್ಟೋ ಹೊತ್ತು ಔಟಾಗಿ ಹೊರಗೆ ಕೂತು, ವಾಪಸ್ ಬಸ್ ಹತ್ತುತ್ತಾಳೆ. ಮುಂದಿನ ವರ್ಷ ಮನೆಯವರು ಕಳಿಸುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಇನ್ನೊಂದು ತೊಡಕು ಚೀಟಿಯದು. ಎಂಟು ತಂಡ ಇವೆ, ಬಲವಾದ ತಂಡವೇ ಯಾವಾಗಲೂ ಗೆಲ್ಲುತ್ತದೆ ಅಂತ ಇಟ್ಟುಕೊಳ್ಳಿ. ಎರಡನೇ ಬಲಶಾಲಿ ತಂಡ ಫೈನಲ್‌ಗೆ ಬರಬೇಕಲ್ಲ? ಮೊದಲ ತಂಡದ ಅರ್ಧಭಾಗದಲ್ಲಿ ಖಾಲಿ ಜಾಗ ಮೂರು, ಆಚೆ ಅರ್ಧದಲ್ಲಿ ನಾಲ್ಕು. ಅಂದ್ರೆ ಏಳರಲ್ಲಿ ಮೂರು ಪಾಲು, ಹತ್ತಿರ ಹತ್ತಿರ ಶೇಕಡಾ 43, ಆ ತಂಡ ಫೈನಲ್ ಕಾಣೋದೇ ಇಲ್ಲ. ಮೊದಲ ಸುತ್ತಿನಲ್ಲೇ ಇಬ್ಬರೂ ಎದುರಾಗೋ ಸಾಧ್ಯತೆ ಏಳರಲ್ಲಿ ಒಂದು. "ನಸೀಬು ಚಲೋ ಇರಲಿಲ್ಲ" ಅಂತ ಊರಲ್ಲಿ ಹೇಳ್ತಾರಲ್ಲ, ಅದು ಬರೀ ಸಮಾಧಾನದ ಮಾತಲ್ಲ, ಲೆಕ್ಕಕ್ಕೂ ಸರಿ.

ಹಾಗಿದ್ದರೆ ಲೀಗ್ ಯಾಕಿಲ್ಲ?

ಎಲ್ಲರೂ ಎಲ್ಲರ ಜೊತೆ ಆಡಿದರೆ ಏಳು ತಂಡಕ್ಕೆ 21 ಪಂದ್ಯ. ತಂಡ ಬದಲಾಯಿಸೋದು, ಗೆರೆ ಹಾಕೋದು ಎಲ್ಲಾ ಸೇರಿಸಿ ಪಂದ್ಯಕ್ಕೆ 45 ನಿಮಿಷ ಅಂದ್ರೂ ಒಂದು ಅಂಗಣದಲ್ಲಿ ಸುಮಾರು 16 ಗಂಟೆ. ಎರಡು ದಿನ ಬೇಕು. ರಾತ್ರಿ ಉಳಿಸಬೇಕು, ಊಟ ಹಾಕಬೇಕು, ಹುಡುಗಿಯರ ಜೊತೆ ಶಿಕ್ಷಕಿಯರು ಇರಬೇಕು. ನಾಕೌಟ್ ಆದರೆ ನಾಲ್ಕೂವರೆ ತಾಸಿನಲ್ಲಿ ಮುಗೀತು. ಸಂಘಟಕರು ನಾಕೌಟ್ ಹಿಡಿಯೋದಕ್ಕೆ ಕಾರಣ ಇದು. ಅವರಿಗೆ ಆಟದ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಮಳೆಯ ಕಾಟವೂ ಸೇರುತ್ತದೆ. ನಮ್ಮದು ಬಹಳ ಕಡೆ ಎರಿ ನೆಲ. ಮಳೆ ಬಿದ್ದರೆ ಕಾಲಿಗೆ ಅಂಟುತ್ತದೆ, ಬಿಸಿಲು ಬಿದ್ದರೆ ಬಿರಿಯುತ್ತದೆ. ಅದಕ್ಕೇ ಅಂಗಣಕ್ಕೆ ಮಸಾರಿ ಮಣ್ಣು ತಂದು ಹಾಕಬೇಕು. ಮೇಲಿನ ಹಂತಗಳಲ್ಲಿ ಮ್ಯಾಟ್ ಇದ್ದರೆ ಇನ್ನೊಂದು ಸಮಸ್ಯೆ: ಮಣ್ಣಿನಲ್ಲಿ ಬರಿಗಾಲಲ್ಲಿ ಜಾರಿ ಬೋನಸ್ ಗೆರೆ ಮುಟ್ಟಿ ರೂಢಿಯಾದ ಹುಡುಗನ ಕಾಲು ಮ್ಯಾಟ್ ಮೇಲೆ ಶೂ ಹಾಕಿದಾಗ ಜಾರದೆ ಅಲ್ಲೇ ಹಿಡಿಯುತ್ತದೆ. ಇಂಥ ಹುಡುಗನಿಗೆ ಒಂದು ಪಂದ್ಯ ಹೊಂದಿಕೊಳ್ಳೋದಕ್ಕೇ ಬೇಕು. ನಾಕೌಟ್‌ನಲ್ಲಿ ಆ ಒಂದೇ ಪಂದ್ಯ ಇರೋದು.

ಐರ್ಲೆಂಡಿನವರು ಏನು ಮಾಡಿದರು?

ಈ ತಲೆನೋವು ನಮ್ಮದೊಂದೇ ಅಲ್ಲ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಅನ್ನೋ ಆಟ ಇದೆ. ತಂಡಕ್ಕೆ 15 ಮಂದಿ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಅದನ್ನು ನಡೆಸೋ ಸಂಸ್ಥೆ ಹುಟ್ಟಿದ್ದು 1884ರಲ್ಲಿ. ಅಲ್ಲಿಯೂ ನಮ್ಮ ಹಾಗೇ: ಊರಿಗೊಂದು ಕ್ಲಬ್ಬು, ಜಿಲ್ಲೆಯಂಥ ಕೌಂಟಿ, ಆಮೇಲೆ ಪ್ರಾಂತ, ಆಮೇಲೆ ದೇಶ. ಆಡೋರಿಗೆ ಸಂಬಳ ಇಲ್ಲ, ಊರ ಹೆಸರೇ ಎಲ್ಲ.

ಅವರ ದೊಡ್ಡ ಪಂದ್ಯಾವಳಿ ನೂರಕ್ಕೂ ಹೆಚ್ಚು ವರ್ಷ ಸೋತವರು ಮನೆಗೆ ಅನ್ನೋ ಪದ್ಧತಿಯಲ್ಲೇ ನಡೀತು. 2001ರಲ್ಲಿ ಸೋತ ತಂಡಗಳಿಗೆ ಇನ್ನೊಂದು ದಾರಿ ತೆರೆದರು. ಅದೇ ವರ್ಷ ಗಾಲ್ವೇ ತಂಡ ತನ್ನ ಪ್ರಾಂತದಲ್ಲಿ ರಾಸ್‌ಕಾಮನ್ ಎದುರು ಸೋತು, ಆ ದಾರಿಯಿಂದ ಮತ್ತೆ ಬಂದು, ಕೊನೆಗೆ ದೇಶದ ಚಾಂಪಿಯನ್ ಆಯಿತು. ಹಳೆ ಪದ್ಧತಿ ಇದ್ದಿದ್ದರೆ ಆ ತಂಡ ಮೊದಲೇ ಮನೆಯಲ್ಲಿರುತ್ತಿತ್ತು. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗಂತೂ ಅಲ್ಲಿ ಗೆಲುವಿಗಿಂತ ಎಲ್ಲರೂ ಆಡಬೇಕು ಅನ್ನೋದೇ ಮುಖ್ಯ ನಿಯಮ.

ನಮ್ಮ ಸೂಚನೆ: ಹತ್ತು ಪಂದ್ಯ

ಆರಕ್ಕೂ 21ಕ್ಕೂ ನಡುವೆ ಒಂದು ಜಾಗ ಇದೆ. ನಾಕೌಟ್ ಹಾಗೇ ಇರಲಿ. ಮೊದಲ ಸುತ್ತಲ್ಲಿ ಸೋತ ಮೂರು ತಂಡ ತಮ್ಮತಮ್ಮಲ್ಲಿ ಲೀಗ್ ಆಡಲಿ, ಅದು ಮೂರು ಪಂದ್ಯ. ಸೆಮಿಫೈನಲ್‌ನಲ್ಲಿ ಸೋತವರು ಮೂರನೇ ಸ್ಥಾನಕ್ಕೆ ಆಡಲಿ, ಅದೊಂದು. ಆರಕ್ಕೆ ನಾಲ್ಕು ಸೇರಿ ಹತ್ತು.

ಈಗ ನೋಡಿ. ಮೊದಲೇ ಸೋತವರಿಗೆ ಮೂರು ಆಟ. ಬೈ ಸಿಕ್ಕ ತಂಡಕ್ಕೆ ಎರಡು. ಉಳಿದವರಿಗೆ ಮೂರು. ಒಂದೇ ಆಟಕ್ಕೆ ವಾಪಸ್ ಹೋಗೋರು ಯಾರೂ ಇಲ್ಲ. ಎರಡು ಅಂಗಣ ಇದ್ದರೆ, ಯಾವ ತಂಡವೂ ಬಿಡುವಿಲ್ಲದೆ ಬೆನ್ನಬೆನ್ನಿಗೆ ಎರಡು ಪಂದ್ಯ ಆಡದ ಹಾಗೆ, ಇವನ್ನು ಏಳು ಸುತ್ತಿನಲ್ಲಿ ಮುಗಿಸಬಹುದು:

1. ಮೊದಲ ಸುತ್ತಿನ ಎರಡು ಪಂದ್ಯ
2. ಮೊದಲ ಸುತ್ತಿನ ಮೂರನೇ ಪಂದ್ಯ
3. ಮೊದಲೆರಡು ಪಂದ್ಯ ಗೆದ್ದವರ ಸೆಮಿಫೈನಲ್. ಪಕ್ಕದಲ್ಲಿ ಅವೇ ಪಂದ್ಯಗಳಲ್ಲಿ ಸೋತವರ ಆಟ
4. ಬೈ ತಂಡದ ಸೆಮಿಫೈನಲ್
5. ಸೋತವರ ಲೀಗಿನ ಎರಡನೇ ಆಟ
6. ಮೂರನೇ ಸ್ಥಾನದ ಪಂದ್ಯ
7. ಫೈನಲ್, ಪಕ್ಕದಲ್ಲಿ ಸೋತವರ ಲೀಗಿನ ಕೊನೆಯ ಆಟ

ಸುತ್ತಿಗೆ 45 ನಿಮಿಷದಂತೆ ಐದೂಕಾಲು ತಾಸು. ಬೆಳಿಗ್ಗೆ 10ಕ್ಕೆ ಸೀಟಿ ಊದಿ, ಊಟಕ್ಕೆ 45 ನಿಮಿಷ ಬಿಟ್ಟರೂ ಸಂಜೆ 4ಕ್ಕೆ ಬಹುಮಾನ ಕೊಡಬಹುದು. ಲಕ್ಷ್ಮೇಶ್ವರದ ಹುಡುಗಿಯರು ಹೊತ್ತು ಮುಳುಗೋದರೊಳಗೆ ಮನೆ ಸೇರುತ್ತಾರೆ.

ಹೆಚ್ಚಿಗೆ ಬೇಕಾಗಿದ್ದು ಒಂದು ಅಂಗಣ, ಇಬ್ಬರು ಮೂವರು ತೀರ್ಪುಗಾರರು. 12 ಮೀಟರ್ ಉದ್ದ, 8 ಮೀಟರ್ ಅಗಲದ ಅಂಗಣಕ್ಕೆ ಬೇಕಾದ್ದು ಒಂದಷ್ಟು ಮಸಾರಿ ಮಣ್ಣು, ಒಂದು ಚೀಲ ಸುಣ್ಣ, ಬೆಳಿಗ್ಗೆ ಎರಡು ತಾಸು ಕೆಲಸ. ಅಂಕ ಬರೆಯೋಕೆ, ಗೆರೆ ಕಾಯೋಕೆ ಜನ ಬೇಕು ಅಂದ್ರೆ ಜಿಲ್ಲೆಯ ಕಾಲೇಜುಗಳಲ್ಲಿ ಕಬಡ್ಡಿ ಆಡಿದ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದೇವೆ. ಮುಂದಿನ ಹಂಗಾಮಿಗೆ ನಿಮ್ಮ ಊರಿನ ಪಿ.ಟಿ. ಮಾಸ್ತರರಿಗೆ ಈ ಪಟ್ಟಿಯನ್ನು ಒಮ್ಮೆ ತೋರಿಸಿ. ಕೇಳಿದರೆ ಸುಣ್ಣದ ಡಬ್ಬಿ ಹಿಡಿಯೋಕೂ ಬನ್ನಿ.